ಸ್ಟ್ರಟ್ ಬದಲಿಸಿದರೂ ನಿಲ್ಲದ ಟಕ್ ಟಕ್ ಸದ್ದು: ಕಾಂಪ್ಯಾಕ್ಟ್ ಎಸ್‌ಯುವಿಯ ಸಸ್ಪೆನ್ಷನ್ ಬಗ್ಗೆ ಮಾರ್ಗದರ್ಶನ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಐದು ವರ್ಷ ಹಳೆಯದಾದ, 62,000 ಕಿ.ಮೀ. ಓಡಿರುವ ಒಂದು ಕಾಂಪ್ಯಾಕ್ಟ್ ಎಸ್‌ಯುವಿ ಇದೆ. ಇಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಮಾತ್ರ ಹೋಗುವ ಮಾದರಿ ಅದು. ಆರು ತಿಂಗಳಿಂದ ಮುಂಭಾಗದ ಎಡಬದಿಯಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದೆ. ಗಂಟೆಗೆ 20 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ, ಡಾಂಬರು ಅಲ್ಲಲ್ಲಿ ಕಿತ್ತುಹೋಗಿರುವ ರಸ್ತೆಯಲ್ಲಿ ಹೋಗುವಾಗ ಇದು ಸ್ಪಷ್ಟವಾಗಿ ಕೇಳಿಸುತ್ತದೆ. ವಿಚಿತ್ರವೆಂದರೆ, ರಸ್ತೆಯ ಅಗಲಕ್ಕೂ ಹಾಕಿರುವ ದೊಡ್ಡ ಹುಬ್ಬನ್ನು ನೇರವಾಗಿ ದಾಟುವಾಗ ಸದ್ದೇ ಇರುವುದಿಲ್ಲ.

ವಾಹನವನ್ನು ಒಂದು ವರ್ಕ್‌ಶಾಪಿಗೆ ಒಯ್ದಾಗ, ಅಲ್ಲಿಯವರು ಒಂದು ಸುತ್ತು ಓಡಿಸಿ ನೋಡಿ, ಮುಂದಿನ ಎರಡೂ ಸ್ಟ್ರಟ್‌ಗಳು (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬಗಳು) ಹೋಗಿವೆ ಎಂದರು. ಅವರ ಮಾತಿನಂತೆ ಎರಡನ್ನೂ ಬದಲಿಸಿದೆ. ಮನೆ ತಲುಪುವುದರೊಳಗೆ ಅದೇ ಸದ್ದು ಮತ್ತೆ ಕೇಳಿಸಿತು. ಈಗ ಅವರು ಎರಡೂ ಲೋವರ್ ಆರ್ಮ್‌ಗಳನ್ನು (ಚಕ್ರವನ್ನು ಕೆಳಗಡೆ ಹಿಡಿಯುವ ತೋಳುಗಳನ್ನು) ಬದಲಿಸಬೇಕು ಎನ್ನುತ್ತಿದ್ದಾರೆ. ಸ್ಟ್ರಟ್ ಬದಲಿಸಿ 8,000 ಕಿ.ಮೀ. ಆಗಿದೆ. ಈ ಅವಧಿಯಲ್ಲಿ ಮುಂದಿನ ಎಡ ಟೈರಿನ ಒಳ ಅಂಚು ಹೊರ ಅಂಚಿಗಿಂತ ಬೇಗ ಸವೆದಿರುವುದೂ ಕಣ್ಣಿಗೆ ಬಿದ್ದಿದೆ.

ಇನ್ನೊಂದು ವಿಷಯ. ಒಬ್ಬನೇ ಓಡಿಸುವಾಗ ಹಿಂಭಾಗ ತೀರಾ ಗಡುಸಾಗಿ ಕುಲುಕುತ್ತದೆ, ಆದರೆ ಐದು ಜನ ಕುಳಿತಾಗ ಹಿತವಾಗಿರುತ್ತದೆ. ಇದು ದೋಷವೇ? ಯಾವ ಭಾಗ ಏನು ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ಮುಂದಿನ ಖರ್ಚಿಗೆ ಕೈಹಾಕಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ: ದೊಡ್ಡ ಹುಬ್ಬಿನಲ್ಲಿ ಸದ್ದಿಲ್ಲ, ಚಿಕ್ಕಪುಟ್ಟ ತಗ್ಗುಗಳಲ್ಲಿ ಇದೆ. ಇದೇಕೆ ಮುಖ್ಯ ಎಂಬುದಕ್ಕೆ ಮುಂಭಾಗದ ರಚನೆಯನ್ನು ಸ್ವಲ್ಪ ನೋಡೋಣ.

ನಿಮ್ಮ ವರ್ಗದ ಬಹುತೇಕ ಎಲ್ಲ ವಾಹನಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. 1940ರ ದಶಕದಲ್ಲಿ ಅರ್ಲ್ ಮ್ಯಾಕ್‌ಫರ್ಸನ್ ಎಂಬ ಇಂಜಿನಿಯರ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಚಕ್ರವನ್ನು ಮೇಲಿನಿಂದ ಹಿಡಿಯಲು ಬೇರೆ ತೋಳು ಇರುವುದಿಲ್ಲ. ಶಾಕ್ ಅಬ್ಸಾರ್ಬರ್ ಮತ್ತು ಅದರ ಸುತ್ತಲಿನ ಕಾಯಿಲ್ ಸ್ಪ್ರಿಂಗ್ ಸೇರಿದ ಕಂಬವೇ ಆ ಕೆಲಸವನ್ನೂ ಮಾಡುತ್ತದೆ. ಕೆಳಗಡೆ ಲೋವರ್ ಆರ್ಮ್ ಇರುತ್ತದೆ. ಅದರ ಒಂದು ತುದಿ ರಬ್ಬರ್ ಬುಶ್‌ಗಳ (ಲೋಹದ ಭಾಗಗಳ ನಡುವಿನ ರಬ್ಬರ್ ಮೆತ್ತೆಗಳ) ಮೂಲಕ ಚೌಕಟ್ಟಿಗೆ, ಇನ್ನೊಂದು ತುದಿ ಬಾಲ್ ಜಾಯಿಂಟ್ ಎಂಬ ಗುಂಡು ಕೀಲಿನ ಮೂಲಕ ಚಕ್ರವನ್ನು ಹೊತ್ತಿರುವ ನಕಲ್ ಎಂಬ ಲೋಹದ ಭಾಗಕ್ಕೆ ಸೇರಿಕೊಂಡಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಸ್ಟ್ರಟ್ ಕೂಡ ತಿರುಗುವುದರಿಂದ ಅದರ ನೆತ್ತಿಯ ಮೌಂಟ್‌ನಲ್ಲಿ ಒಂದು ಬೇರಿಂಗ್ ಇರುತ್ತದೆ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಕೆಲಸ ಒಂದೇ ಎಂದು ಅನೇಕರು ಭಾವಿಸುತ್ತಾರೆ, ಅದು ಸರಿಯಲ್ಲ. ವಾಹನದ ಭಾರವನ್ನು ಹೊರುವುದು ಸ್ಪ್ರಿಂಗ್. ಗುಂಡಿಯ ಪೆಟ್ಟಿನ ಶಕ್ತಿಯನ್ನು ಒಂದು ಕ್ಷಣ ತನ್ನೊಳಗೆ ಹಿಡಿದಿಟ್ಟುಕೊಂಡು ಮತ್ತೆ ಬಿಟ್ಟುಕೊಡುವುದೂ ಅದೇ. ಅದನ್ನು ಹಾಗೆಯೇ ಬಿಟ್ಟರೆ ವಾಹನ ಏಳುತ್ತ ಬೀಳುತ್ತ ಇರುತ್ತದೆ. ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕಿ ಆ ಶಕ್ತಿಯನ್ನು ಬಿಸಿಯಾಗಿ ಪರಿವರ್ತಿಸುತ್ತದೆ. ಹೀಗಾಗಿ ಶಾಕ್ ಅಬ್ಸಾರ್ಬರ್ ದುರ್ಬಲವಾದರೆ ಮೊದಲು ಕಾಣುವುದು ಸದ್ದಲ್ಲ, ತೂಗಾಟ: ಹುಬ್ಬು ದಾಟಿದ ಮೇಲೂ ಒಂದೆರಡು ಬಾರಿ ಏಳುಬೀಳು, ಬ್ರೇಕ್ ಒತ್ತಿದಾಗ ಮೂತಿ ಹೆಚ್ಚು ಬಾಗುವುದು, ಟೈರಿನ ಮೇಲ್ಮೈಯಲ್ಲಿ ಅಲೆಅಲೆಯಾದ ಸವೆತ. ಇವುಗಳಲ್ಲಿ ಒಂದನ್ನೂ ನೀವು ಹೇಳಿಲ್ಲ.

ಈಗ ನಿಮ್ಮ ಸದ್ದಿಗೆ ಬರೋಣ. ವಾಹನ ತಿರುವಿನಲ್ಲಿ ಅತಿಯಾಗಿ ವಾಲದಂತೆ ಎಡ ಮತ್ತು ಬಲ ಚಕ್ರಗಳ ನಡುವೆ ಸ್ಟೆಬಿಲೈಸರ್ ಬಾರ್ ಎಂಬ ಉಕ್ಕಿನ ಸರಳು ಇರುತ್ತದೆ. ಅದರ ಎರಡು ತುದಿಗಳನ್ನು ಎರಡು ಬದಿಯ ಸ್ಟ್ರಟ್‌ಗಳಿಗೆ ಕೂಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್ ರಾಡ್. ರಸ್ತೆಯುದ್ದಗಲದ ಹುಬ್ಬಿನ ಮೇಲೆ ಎರಡೂ ಚಕ್ರಗಳು ಒಟ್ಟಿಗೆ ಏಳುವುದರಿಂದ ಸರಳು ತಿರುಚಿಕೊಳ್ಳುವುದಿಲ್ಲ, ಲಿಂಕ್ ರಾಡ್ ಮೇಲೆ ಹೆಚ್ಚಿನ ಒತ್ತಡ ಬೀಳುವುದಿಲ್ಲ. ಒಂದೇ ಚಕ್ರ ತಗ್ಗಿಗೆ ಇಳಿದಾಗ ಮಾತ್ರ ಸರಳು ತಿರುಚಿಕೊಂಡು ಲಿಂಕ್ ರಾಡನ್ನು ಜಗ್ಗುತ್ತದೆ. ಅದರ ಕೀಲು ಸವೆದಿದ್ದರೆ ಆಗಲೇ ಟಕ್ ಎನ್ನುತ್ತದೆ. ನಿಮ್ಮ ವಿವರಣೆ ಇದಕ್ಕೆ ಅಚ್ಚುಹೊಡೆದಂತೆ ಹೊಂದುತ್ತದೆ. ಲೋವರ್ ಆರ್ಮ್ ಬದಲಿಸುವ ಮೊದಲು ಲಿಂಕ್ ರಾಡ್ ಮತ್ತು ಸ್ಟೆಬಿಲೈಸರ್ ಬಾರಿನ ಬುಶ್‌ಗಳನ್ನು ಪರೀಕ್ಷಿಸಿರಿ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ. ನಾನು ಹಲವು ವರ್ಷಗಳಿಂದ ಸಸ್ಪೆನ್ಷನ್ ಕೆಲಸವನ್ನೇ ಮಾಡುತ್ತಿರುವುದರಿಂದ ಪರೀಕ್ಷಿಸುವ ಕ್ರಮದ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ಲಿಂಕ್ ರಾಡ್ ಹಾಳಾಗಿದ್ದರೂ ತಪ್ಪು ರೀತಿಯಲ್ಲಿ ನೋಡಿ ಸರಿಯಾಗಿದೆ ಎಂದುಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒಂದೇ ಬದಿಗೆ ಜ್ಯಾಕ್ ಹಾಕಿ ಎತ್ತಿದರೆ ಒಂದು ಚಕ್ರ ಕೆಳಗೆ ಜೋತುಬಿದ್ದು, ಇನ್ನೊಂದು ನೆಲದ ಮೇಲೆ ಉಳಿದು, ಸ್ಟೆಬಿಲೈಸರ್ ಬಾರ್ ತಿರುಚಿಕೊಂಡಿರುತ್ತದೆ. ಆ ಬಿಗಿತದಲ್ಲಿ ಸವೆದ ಕೀಲು ಕೂಡ ಅಲ್ಲಾಡುವುದಿಲ್ಲ. ಆದ್ದರಿಂದ ಎರಡೂ ಚಕ್ರಗಳು ಒಂದೇ ಎತ್ತರದಲ್ಲಿರಬೇಕು; ನಾಲ್ಕೂ ಚಕ್ರಗಳು ನಿಲ್ಲುವಂತಹ ರ‍್ಯಾಂಪ್ ಅಥವಾ ವಾಹನದ ಕೆಳಗೆ ನಿಂತು ನೋಡುವ ಗುಂಡಿ ಇರುವ ಕಡೆ ನೋಡುವುದು ಉತ್ತಮ. ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಜೋರಾಗಿ ಮೇಲೆ ಕೆಳಗೆ ಅಲುಗಿಸಿ, ಇನ್ನೊಂದು ಕೈಯ ಬೆರಳನ್ನು ಕೀಲಿನ ಮೇಲಿಡಿ. ಕಣ್ಣಿಗೆ ಕಾಣದ ಸಡಿಲವೂ ಬೆರಳಿಗೆ ತಿಳಿಯುತ್ತದೆ. ಆದರೂ ಅನುಮಾನ ಉಳಿದರೆ, ಎರಡೂ ಬದಿಯ ಲಿಂಕ್ ರಾಡ್‌ಗಳನ್ನು ಕಳಚಿ, ಸಂಚಾರವಿಲ್ಲದ ಜಾಗದಲ್ಲಿ ತೀರಾ ನಿಧಾನವಾಗಿ ನೂರು ಮೀಟರ್ ಓಡಿಸಿ ನೋಡಬಹುದು. ಸದ್ದು ಮಾಯವಾದರೆ ಮೂಲ ಅಲ್ಲಿಯೇ ಇದೆ. ಆ ಸ್ಥಿತಿಯಲ್ಲಿ ವಾಹನ ಹೆಚ್ಚು ವಾಲುವುದರಿಂದ ರಸ್ತೆಗೆ ಮಾತ್ರ ಒಯ್ಯಬೇಡಿ.

ಲೋವರ್ ಆರ್ಮ್ ವಿಚಾರದಲ್ಲಿ, ಬುಶ್‌ನ ರಬ್ಬರಿನ ಮೇಲೆ ಕೂದಲೆಳೆಯಂತಹ ಬಿರುಕು ಕಂಡ ಮಾತ್ರಕ್ಕೆ ಬದಲಿಸಬೇಕಿಲ್ಲ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದೆಯೇ, ಆಳವಾಗಿ ಹರಿದಿದೆಯೇ ಎಂಬುದನ್ನು ಮೀಟುಗೋಲಿನಿಂದ ಮೆಲ್ಲಗೆ ಸರಿಸಿ ನೋಡಬೇಕು. ಆ ತೋಳಿನ ಹಿಂಬದಿಯ ಬುಶ್ ಹೋಗಿದ್ದರೆ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ಒಂದು ಬದಿಗೆ ಎಳೆದಂತಾಗುತ್ತದೆ.

ಬಾಲ್ ಜಾಯಿಂಟನ್ನು ಮಾತ್ರ ಎಂದೂ ಉದಾಸೀನ ಮಾಡಬೇಡಿ. ಅದು ಕಳಚಿದರೆ ಓಡುತ್ತಿರುವ ವಾಹನದ ಚಕ್ರವೇ ಮಡಚಿಕೊಳ್ಳುತ್ತದೆ. ಚಕ್ರವನ್ನು ನೆಲದಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು ಭದ್ರಪಡಿಸಿದ ಮೇಲೆ ಟೈರನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿ. ಸಡಿಲ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಗ ಸಡಿಲ ಇಲ್ಲವಾದರೆ ವೀಲ್ ಬೇರಿಂಗ್ ಸವೆದಿದೆ ಎಂದರ್ಥ. ಹಾಗೆಯೇ ಉಳಿದರೆ ಬಾಲ್ ಜಾಯಿಂಟನ್ನು ಅನುಮಾನಿಸಬೇಕು. ಟೈರನ್ನು ಎಡಕ್ಕೂ ಬಲಕ್ಕೂ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ ಸ್ಟಿಯರಿಂಗನ್ನು ಚಕ್ರಕ್ಕೆ ಕೂಡಿಸುವ ಕೀಲಾದ ಟೈ ರಾಡ್ ಎಂಡ್ ನೋಡಿರಿ.

ಮುಂದೆಂದಾದರೂ ಲೋವರ್ ಆರ್ಮ್ ಅಥವಾ ಬುಶ್ ಹಾಕಿಸುವ ಸಂದರ್ಭ ಬಂದರೆ ಒಂದು ಮಾತನ್ನು ಕೇಳಿ ಖಚಿತಪಡಿಸಿಕೊಳ್ಳಿ: ಬುಶ್‌ನ ಬೋಲ್ಟ್‌ಗಳ ಕೊನೆಯ ಬಿಗಿತವನ್ನು ವಾಹನ ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಕೊಡಬೇಕು. ಚಕ್ರ ಜೋತುಬಿದ್ದಿರುವಾಗಲೇ ಬಿಗಿದುಬಿಟ್ಟರೆ, ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ನಿಂತಾಗಲೂ ಓಡುವಾಗಲೂ ಅದೇ ತಿರುಚಿನಲ್ಲಿ ಉಳಿದು, ಹೊಸ ಬುಶ್ ಕೂಡ ಬೇಗನೆ ಹರಿಯುತ್ತದೆ. ಐದು ನಿಮಿಷದ ಈ ಕೆಲಸವನ್ನು ಬಿಡುವುದರಿಂದ ಆಗುವ ನಷ್ಟ ನೋಡಿ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹಾಗೆಯೇ, ಸದ್ದು ಅಡಗಿಸಲೆಂದು ಬುಶ್‌ಗಳಿಗೆ ಡೀಸೆಲ್ ಅಥವಾ ಹಳೆಯ ಇಂಜಿನ್ ಆಯಿಲ್ ಸಿಂಪಡಿಸಲು ಬಿಡಬೇಡಿ. ನಾಲ್ಕು ದಿನ ಸದ್ದು ನಿಲ್ಲುತ್ತದೆ, ಆಮೇಲೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಕಿರ್ ಎನ್ನುವ ಸದ್ದಾಗಿದ್ದರೆ ಒಂದೊಂದೇ ಬುಶ್‌ಗೆ ಬರಿಯ ನೀರು ಹಾಕಿ ನೋಡುವುದೇ ಸಾಕು. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಂತಿತೋ ಅದೇ ಕಾರಣ.

ಸ್ಪ್ರಿಂಗ್ ಬಿಚ್ಚುವ ಕೆಲಸಕ್ಕೆ ಮನೆಯಲ್ಲಿ ಕೈಹಾಕಬೇಡಿ. ಸ್ಟ್ರಟ್‌ನಲ್ಲಿ ಅದುಮಿ ಕೂರಿಸಿದ ಸ್ಪ್ರಿಂಗ್ ಹಿಡಿತ ತಪ್ಪಿ ಸಿಡಿದರೆ ಪ್ರಾಣಾಪಾಯವೇ ಆದೀತು.

ಉತ್ತರ 3

ಹಿಂಭಾಗದ ಗಡುಸುತನದ ಬಗ್ಗೆ ಮಾತ್ರ ಬರೆಯುತ್ತೇನೆ. ನಿಮ್ಮ ಮಾದರಿಯ ವಾಹನಗಳಲ್ಲಿ ಹಿಂದೆ ಸಾಮಾನ್ಯವಾಗಿ ಟಾರ್ಷನ್ ಬೀಮ್ ಇರುತ್ತದೆ. ಎರಡು ತೋಳುಗಳನ್ನು ಜೋಡಿಸುವ ಒಂದು ಅಡ್ಡ ತೊಲೆ ಅದು. ಅಗತ್ಯವಿದ್ದಷ್ಟು ತಾನೇ ತಿರುಚಿಕೊಳ್ಳುತ್ತದೆ. ಅಲ್ಲಿನ ಸ್ಪ್ರಿಂಗ್‌ಗಳು ಪೂರ್ತಿ ಜನ ಮತ್ತು ಸಾಮಾನು ತುಂಬಿದಾಗಲೂ ವಾಹನ ಕುಸಿಯದಂತೆ ಹೊರಬೇಕಾದ್ದರಿಂದ, ಖಾಲಿ ಇರುವಾಗ ಅವು ಗಡುಸೆನಿಸುವುದು ಸಹಜ. ವಾಹನ ಎತ್ತರವಾಗಿರುವುದರಿಂದ ವಾಲುವಿಕೆಯನ್ನು ತಡೆಯಲು ಕೂಡ ಸ್ವಲ್ಪ ಬಿಗಿ ಬೇಕಾಗುತ್ತದೆ. ಇದನ್ನು ದೋಷವೆನ್ನಲಾಗದು.

ಆದರೆ ಗಾಳಿಯ ಒತ್ತಡವನ್ನು ಒಮ್ಮೆ ನೋಡಿಕೊಳ್ಳಿ. ಚಾಲಕನ ಬಾಗಿಲಿನ ಚೌಕಟ್ಟಿನ ಪಟ್ಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಕಡಿಮೆ ಭಾರಕ್ಕೊಂದು, ಪೂರ್ಣ ಭಾರಕ್ಕೊಂದು ಅಂಕಿಯನ್ನು ಬಹಳಷ್ಟು ವಾಹನಗಳಲ್ಲಿ ಕೊಟ್ಟಿರುತ್ತಾರೆ. ಪೂರ್ಣ ಭಾರದ ಅಂಕಿಯನ್ನೇ ಸದಾ ತುಂಬಿಸುತ್ತಿದ್ದರೆ ಒಬ್ಬರೇ ಓಡಿಸುವಾಗ ಪ್ರತಿ ಕಲ್ಲೂ ಬೆನ್ನಿಗೆ ತಟ್ಟುತ್ತದೆ. ಟೈರ್ ತಣ್ಣಗಿರುವಾಗಲೇ ಅಳೆಯಿರಿ. ದೊಡ್ಡ ಚಕ್ರ ಹಾಕಿಸಿದ್ದೀರೇ ಎಂಬುದನ್ನೂ ತಿಳಿಸಿ. 215/60 ಆರ್16 (16 ಇಂಚಿನ ಚಕ್ರದ) ಟೈರಿನ ಪಕ್ಕದ ಗೋಡೆಯ ಎತ್ತರ 129 ಮಿ.ಮೀ.; 215/55 ಆರ್17 (17 ಇಂಚಿನ ಚಕ್ರದ್ದು) ಆದರೆ ಸುಮಾರು 118 ಮಿ.ಮೀ. ಪೆಟ್ಟನ್ನು ಮೊದಲು ತಾಳಿಕೊಳ್ಳುವ ಗಾಳಿಯ ಮೆತ್ತೆಯೇ ಅಷ್ಟು ತೆಳುವಾಗುತ್ತದೆ. ಇನ್ನು, ಎತ್ತರ ಹೆಚ್ಚಿಸಲೆಂದು ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ತುಂಡು ಸಿಕ್ಕಿಸುವವರಿದ್ದಾರೆ. ಅದರಿಂದ ಆ ಭಾಗದ ಸುರುಳಿ ಕೆಲಸ ಮಾಡದಂತಾಗಿ ಉಳಿದ ಸುರುಳಿಗಳಿಗೆ ಹೊರೆ ಹೆಚ್ಚುತ್ತದೆ. ಹಾಕಿಸಿದ್ದರೆ ತೆಗೆಸಿಬಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಬೇರೊಂದು ವರ್ಕ್‌ಶಾಪಿನಲ್ಲಿ ವಾಹನವನ್ನು ರ‍್ಯಾಂಪ್ ಮೇಲೆ ನಿಲ್ಲಿಸಿ, ನಾನೇ ಕೆಳಗೆ ನಿಂತು ನೋಡಿದೆ. ಬಲಬದಿಯ ಲಿಂಕ್ ರಾಡ್ ಮಿಸುಕಲಿಲ್ಲ. ಎಡಬದಿಯದನ್ನು ಅಲುಗಿಸಿದ ಕೂಡಲೇ ಆರು ತಿಂಗಳಿಂದ ಕೇಳುತ್ತಿದ್ದ ಅದೇ ಟಕ್ ಸದ್ದು ನನ್ನ ಬೆರಳ ಕೆಳಗೇ ಕೇಳಿಸಿತು. ಕೀಲಿನ ಮೇಲಿನ ರಬ್ಬರ್ ಟೋಪಿ ಸುತ್ತಲೂ ಹರಿದಿತ್ತು. ಒಳಗಿನ ಗ್ರೀಸ್ ಇರಬೇಕಾದ ಜಾಗದಲ್ಲಿ ತುಕ್ಕು ಬೆರೆತ ಕಂದು ಕೆಸರು ಇತ್ತು. ಎರಡೂ ಬದಿಯ ಲಿಂಕ್ ರಾಡ್‌ಗಳನ್ನು ಬದಲಿಸಿದೆವು. ಅದೇ ಕಿತ್ತುಹೋದ ರಸ್ತೆಯಲ್ಲಿ ಎರಡು ಬಾರಿ ಓಡಿಸಿದೆ, ಸದ್ದಿಲ್ಲ. ಲೋವರ್ ಆರ್ಮ್‌ನ ಬುಶ್‌ಗಳಲ್ಲಿ ಮೇಲ್ಪದರದ ಬಿರುಕು ಬಿಟ್ಟರೆ ಬೇರೇನೂ ಇಲ್ಲ, ಬಾಲ್ ಜಾಯಿಂಟ್‌ಗಳು ಬಿಗಿಯಾಗಿವೆ. ಹಿಂದಿನ ಟೈರುಗಳಲ್ಲಿ ಪಟ್ಟಿಯ ಅಂಕಿಗಿಂತ 5 ಪಿಎಸ್‌ಐ ಹೆಚ್ಚು ಗಾಳಿ ಇತ್ತು. ಇಳಿಸಿದ ಮೇಲೆ ಹಿಂಭಾಗ ಎಷ್ಟೋ ಹಿತವಾಗಿದೆ. ಚಕ್ರ ಕಂಪನಿ ಕೊಟ್ಟ ಅಳತೆಯದೇ.

ಉಳಿದಿರುವುದು ಟೈರಿನ ಒಳ ಅಂಚಿನ ಸವೆತ. ಸ್ಟ್ರಟ್ ಬದಲಿಸಿದಾಗ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ ಕೆಲಸ) ಮಾಡಿರಲಿಲ್ಲ ಎಂಬುದು ಈಗ ಬಿಲ್ಲು ನೋಡಿದಾಗ ತಿಳಿಯಿತು. ಎರಡಕ್ಕೂ ಸಂಬಂಧ ಇದೆಯೇ?

ಉತ್ತರ 2 ಬರೆದವರಿಂದ

ಖಂಡಿತ ಇದೆ. ಸ್ಟ್ರಟ್‌ನ ಕೆಳತುದಿಯನ್ನು ನಕಲ್‌ಗೆ ಬಿಗಿಯುವ ಎರಡು ಬೋಲ್ಟ್‌ಗಳ ರಂಧ್ರದಲ್ಲಿ ಬಹಳಷ್ಟು ವಾಹನಗಳಲ್ಲಿ ಸ್ವಲ್ಪ ಜಾಗ ಇರುತ್ತದೆ. ಮತ್ತೆ ಕೂರಿಸುವಾಗ ಚಕ್ರ ಕೂದಲೆಳೆಯಷ್ಟು ಒಳವಾಲಿದರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಬದಲಾಗುತ್ತದೆ, ಅದರೊಂದಿಗೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖಮಾಡಿರುವ ಕೋನ) ಕೂಡ. ಟೈರನ್ನು ಬೇಗ ತಿನ್ನುವುದು ಹೆಚ್ಚಾಗಿ ಟೋ ವ್ಯತ್ಯಾಸವೇ. ಚಕ್ರಗಳು ಮುಂದುಗಡೆ ಹೊರಕ್ಕೆ ತೆರೆದುಕೊಂಡಿದ್ದರೆ ಒಳ ಅಂಚು ಸವೆಯುತ್ತದೆ. ಲಿಂಕ್ ರಾಡ್ ಬದಲಾವಣೆಯಿಂದ ಇದು ಸರಿಯಾಗುವುದಿಲ್ಲ. ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ನಂತರದ ಅಂಕಿಗಳಿರುವ ಕಾಗದವನ್ನು ಕೇಳಿ ಪಡೆದುಕೊಳ್ಳಿ. ಕ್ಯಾಂಬರ್ ಎರಡೂ ಬದಿಯಲ್ಲಿ ಕೈಪಿಡಿಯ ಮಿತಿಯೊಳಗೆ ಬಂದಿದೆಯೇ ಎಂಬುದನ್ನು ಮೊದಲು ನೋಡಿ, ಆಮೇಲೆ ಟೋ ಹೊಂದಿಸಬೇಕು; ಕ್ಯಾಂಬರ್ ಬದಲಿಸಿದರೆ ಟೋ ಮತ್ತೆ ಬದಲಾಗುವುದರಿಂದ ಕ್ರಮ ತಪ್ಪಬಾರದು.

ಒಳ ಅಂಚಿನ ಸವೆತ, ಟೈರಿನ ಗೀರುಗಳ ನಡುವಿರುವ ಗುರುತಿನ ಪಟ್ಟಿಯನ್ನು ಇನ್ನೂ ಮುಟ್ಟಿಲ್ಲವಾದರೆ ಆ ಟೈರನ್ನು ಹಿಂದಿನ ಚಕ್ರಕ್ಕೆ ಹಾಕಿಸಬಹುದು, ಮುಟ್ಟಿದ್ದರೆ ಬದಲಿಸಲೇಬೇಕು. ಅಲೈನ್‌ಮೆಂಟ್ ಆದ 1,000 ಕಿ.ಮೀ.ಗೆ ಒಮ್ಮೆ ಅಂಗೈಯನ್ನು ಟೈರಿನ ಮೇಲ್ಮೈಯಲ್ಲಿ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ ನೋಡಿರಿ. ಒಂದು ದಿಕ್ಕಿನಲ್ಲಿ ನಯವಾಗಿ, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ತಡೆದರೆ ಟೋ ಇನ್ನೂ ಸರಿಯಾಗಿಲ್ಲ ಎಂದು ತಿಳಿದು ವಾಹನವನ್ನು ಮತ್ತೆ ಅಲ್ಲಿಗೇ ಒಯ್ಯಿರಿ.