ಓದುಗರ ಸ್ಪಂದನ: ವಂತಿಗೆ ಬಾಕಿ ಇದ್ದರೆ ಮದುವೆ ಪತ್ರ ತಡೆಯಬಹುದೇ?

ಕಳೆದ ಸಂಚಿಕೆಯಲ್ಲಿ ಗಾರೆ ಕೆಲಸದ ಓದುಗರೊಬ್ಬರು ಕೇಳಿದ್ದರು: ಮೂರು ವರ್ಷದ ಚರ್ಚ್ ವಂತಿಗೆ ಬಾಕಿಯಿದೆ. ಅದನ್ನು ಕಟ್ಟುವ ತನಕ ಮಗಳ ಮದುವೆಗೆ ಬೇಕಾದ ಪತ್ರ ಕೊಡುವುದಿಲ್ಲ ಎನ್ನುತ್ತಾರೆ. ತಾಯಿ ಹಾಸಿಗೆ ಹಿಡಿದಿದ್ದಾರೆ, ನಾಳೆ ಅವರ ಮಣ್ಣಿಗೂ ಹೀಗೇ ಆದರೆ?

*

ಅಣ್ಣಾ, ಯಾರ ಮುಂದೆಯೂ ದಮ್ಮಯ್ಯ ಹಾಕಬೇಡಿ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ನಿಮ್ಮ ಪರವಾಗಿದೆ. ಜ್ಞಾನಸ್ನಾನ (ಬ್ಯಾಪ್ಟಿಸಮ್), ಮದುವೆಯಂಥ ಸಂಸ್ಕಾರಗಳಿಗೆ ನಿಗದಿಯಾದ ಕಾಣಿಕೆಗಿಂತ ಹೆಚ್ಚು ಕೇಳಕೂಡದು, ಬಡತನದಿಂದ ಯಾರಿಗೂ ಸಂಸ್ಕಾರ ತಪ್ಪಬಾರದು ಎನ್ನುತ್ತದೆ 848ನೇ ವಿಧಿ. ಬಡವರ ಅಂತ್ಯಕ್ರಿಯೆಗೂ ಇದೇ ಮಾತು, 1181ನೇ ವಿಧಿಯಲ್ಲಿ. ಸಂಸ್ಕಾರದ ಕಾಣಿಕೆ ಎಷ್ಟೆಂದು ಗೊತ್ತುಮಾಡುವುದು ಪ್ರಾಂತ್ಯದ ಧರ್ಮಾಧ್ಯಕ್ಷರು (ಬಿಷಪ್ಪರು) ಸೇರಿದ ಸಭೆ, ಊರಿನ ಸಮಿತಿಯಲ್ಲ. ವಂತಿಗೆಯ ಲೆಕ್ಕವೇ ಬೇರೆ. ಅದನ್ನು ಮದುವೆಗೆ ಗಂಟು ಹಾಕುವುದು ತಪ್ಪು.

ಭಾನುವಾರ ಪೂಜೆ ಮುಗಿದ ಗದ್ದಲದಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಕೆಲಸ ಕೆಡುತ್ತದೆ. ಕಚೇರಿಯ ಗುಮಾಸ್ತರು 'ಆಗಲ್ಲ' ಅಂದದ್ದನ್ನೇ ಫಾದರ್ ಮಾತೆಂದು ನಂಬಿ ಜನ ಹಿಂದಿರುಗುತ್ತಾರೆ. ವಾರದ ದಿನ ಫಾದರನ್ನೇ ನೇರವಾಗಿ ಕಾಣಿ. ಒಂದು ಪುಟದ ಅರ್ಜಿ, ಎರಡು ಪ್ರತಿ: ಮಗಳ ಹೆಸರು, ಜ್ಞಾನಸ್ನಾನದ ತಾರೀಖು, ಬೇಕಾದ ಪತ್ರಗಳು, ಈಗ ಕಟ್ಟಲಾಗದ ಕಾರಣ ಎರಡು ಸಾಲಿನಲ್ಲಿ, ಕೆಳಗೆ 848ನೇ ವಿಧಿಯ ಉಲ್ಲೇಖ. ಒಂದು ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಂಡು ಇಟ್ಟುಕೊಳ್ಳಿ. ಜ್ಞಾನಸ್ನಾನದ ಪತ್ರ ಸಾಮಾನ್ಯವಾಗಿ ಆರು ತಿಂಗಳೊಳಗಿನದ್ದೇ ಆಗಬೇಕು, ತೀರಾ ಮುಂಚೆ ತೆಗೆಸಬೇಡಿ. ಆಗದೆಂದು ಲಿಖಿತವಾಗಿ ಬಂದರೆ, ಹದಿನೈದು ದಿನದೊಳಗೆ ನಿಮ್ಮ ಧರ್ಮಾಧ್ಯಕ್ಷರಿಗೆ ಮೇಲ್ಮನವಿ ಬರೆದು ಕೊಡಿ. ಈ ಹದಿನೈದು ದಿನ ಕೈಬಿಟ್ಟರೆ ಮೇಲ್ಮನವಿ ನಿಲ್ಲುವುದು ಕಷ್ಟ.
— ಚರ್ಚಿನ ಹಣಕಾಸು ಸಮಿತಿಯ ಸದಸ್ಯರು, ಮಂಗಳೂರು

*

ನಿಮ್ಮಲ್ಲಿ ಬಡವರಿಗೆ ನೆರವಾಗುವ ವಿನ್ಸೆಂಟ್ ಡಿ ಪಾಲ್ ಸಭೆಯ ಘಟಕವಿದೆಯೇ ವಿಚಾರಿಸಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಜಾನಾಂ ಮತ್ತು ಗೆಳೆಯರು ಕಟ್ಟಿದ ಈ ಸಭೆಯವರು ಇಬ್ಬಿಬ್ಬರಾಗಿ ಮನೆಗೇ ಬರುತ್ತಾರೆ. ತಾಯಿಯ ಔಷಧ ಚೀಟಿ, ಬಾಡಿಗೆ ರಸೀದಿ, ರೇಷನ್ ಕಾರ್ಡ್ ತೆಗೆದಿಡಿ. ಸಮಿತಿಗಳಲ್ಲಿರುವವರಿಗೂ ಒಂದು ಮಾತು: ನೆರವು ಪಡೆದವರ ಹೆಸರನ್ನು ಮೈಕಿನಲ್ಲಿ ಓದಬೇಡಿ, ಅಕ್ಕಿ ಮೂಟೆ ಕೊಡುವಾಗ ಫೋಟೋ ಹಿಡಿಯಬೇಡಿ, ವಂತಿಗೆ ಬಾಕಿದಾರರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ಮಾನಕ್ಕೆ ಅಂಜುವ ಕೂಲಿಯವರು ಮೊದಲು ಪೂಜೆಗೆ ಬರುವುದನ್ನು ಬಿಡುತ್ತಾರೆ, ಆಮೇಲೆ ಮಕ್ಕಳನ್ನು ಧರ್ಮೋಪದೇಶದ ತರಗತಿಗೆ ಕಳಿಸುವುದನ್ನು.
— ಓದುಗಿ, ಮೈಸೂರು

*

ಗಾರೆ ಕೆಲಸದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ? ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಮಕ್ಕಳ ಮದುವೆಗೂ ಮಂಡಳಿಯ ಸಹಾಯಧನವಿದೆ. ಚರ್ಚಿನ ಮದುವೆ ಪತ್ರವೊಂದೇ ಸಾಕೆಂದು ಕೂರದೆ ಮದುವೆ ನೋಂದಣಿ ಮಾಡಿಸಿ. ಕಾರ್ಡನ್ನು ನವೀಕರಿಸದೆ ಬಿಟ್ಟು ಅರ್ಜಿ ಬಿದ್ದುಹೋಗುವುದೇ ಹೆಚ್ಚು, ಇವತ್ತೇ ತಾರೀಖು ನೋಡಿಕೊಳ್ಳಿ.
— ಕಾರ್ಮಿಕ ಸಂಘಟಕರು, ಬೆಂಗಳೂರು

*

ಚರ್ಚಿನ ಗಂಟೆ ಹೊಡೆಯುವವರಿಗೆ, ಗುಂಡಿ ತೋಡುವವರಿಗೆ, ಕಸ ಗುಡಿಸುವವರಿಗೆ ಸಂಬಳ ಎಷ್ಟು? ಕೆಲಸಗಾರರ ವಿಷಯದಲ್ಲಿ ನಾಡಿನ ಕಾರ್ಮಿಕ ಕಾನೂನು ಪಾಲಿಸಿ, ನ್ಯಾಯವಾದ ಕೂಲಿ ಕೊಡಬೇಕೆಂದು ಧರ್ಮಸಭೆಯ ಅದೇ ಸಂಹಿತೆಯ 1286ನೇ ವಿಧಿ ಹೇಳುತ್ತದೆ. ಲೆಕ್ಕ ಮಂಡಿಸುವ ಸಭೆಯಲ್ಲಿ ಈ ಬಾಬ್ತನ್ನು ಬಿಡಿಬಿಡಿಯಾಗಿ ತೋರಿಸಲು ಕೇಳಿ.
— ಓದುಗರು, ಶಿವಮೊಗ್ಗ