ಎಲೆ ಚಹಾಕ್ಕೆ ಯಾವ ಇನ್‌ಫ್ಯೂಸರ್ (ಎಲೆ ತುಂಬಿ ಬಿಸಿ ನೀರಿಗೆ ಅದ್ದುವ ಜಾಲರಿ) ತಗೊಳ್ಳಬೇಕು?

ತಿಲಕವಾಡಿ_ಚಹಾ: ತಂಗಿ ಊಟಿಯಿಂದ ನೀಲಗಿರಿ ಎಲೆ ಚಹಾ ತಂದಿದ್ದಾಳೆ, ಪುಡಿ ಅಲ್ಲ, ಉದ್ದ ಎಲೆ. ಅದಕ್ಕಂತ ಇಲ್ಲೇ ಬೆಳಗಾವಿ ಪೇಟೆಯಲ್ಲಿ ಸರಪಳಿ ಇರುವ ಸ್ಟೀಲ್ ಉಂಡೆ ತಗೊಂಡೆ. ಎರಡೇ ವಾರಕ್ಕೆ ಕೊಂಡಿ ಹತ್ತಿರ ತುಕ್ಕು ಬಂತು. ಚಹಾನೂ ನೀರು ನೀರು. ಆರೋಗ್ಯಕ್ಕೆ ತೊಂದರೆ ಇಲ್ಲದ, ರುಚಿ ಸರಿಯಾಗಿ ಇಳಿಯುವಂಥದ್ದು ಯಾವುದು, ಹೇಳ್ರಿ.

ನವನಗರ_ಅಕ್ಕ: ಉಂಡೆ ಬಿಟ್ಟುಬಿಡಿ ತಮ್ಮಾ. ಒಣ ಎಲೆ ಬಿಸಿ ನೀರಿಗೆ ಬಿದ್ದರೆ ಮೂರ್ನಾಲ್ಕು ಪಟ್ಟು ಉಬ್ಬುತ್ತದೆ. ಉಂಡೆಯಲ್ಲಿ ಅದಕ್ಕೆ ಜಾಗ ಎಲ್ಲಿದೆ? ನಾಳೆ ಚಹಾ ಆದ ಮೇಲೆ ಬಿಚ್ಚಿ ನೋಡಿ. ಅಂಚಿನ ಎಲೆ ಅರಳಿರುತ್ತದೆ, ನಡುವಿನದು ಇನ್ನೂ ಸುರುಳಿ ಸುತ್ತಿಕೊಂಡೇ ಇರುತ್ತದೆ. ಲೋಟದ ಬಾಯಿಗೆ ಕೂತು, ತಳದ ಹತ್ತಿರದವರೆಗೆ ಇಳಿಯುವ ಅಗಲ ಬುಟ್ಟಿ ತಗೊಳ್ಳಿ. ಮೇಲೆ ಮುಚ್ಚಳ ಇದ್ದರೆ ಬಿಸಿ ಉಳಿಯುತ್ತದೆ.

ಗುಮ್ಮಟದೂರು: ಸ್ಟೀಲ್ ಕೊಳ್ಳುವಾಗ ಆಯಸ್ಕಾಂತ ಒಯ್ಯಿರಿ. ಅಂಟಲಿಲ್ಲ ಅಂದರೆ ಒಳ್ಳೆ ಸ್ಟೀಲ್.

ಪಾತ್ರೆ_ಅಂಗಡಿ: ಇದೊಂದು ಮಾತು ಎಲ್ಲರೂ ಹೇಳ್ತಾರೆ, ಆದರೆ ಅದನ್ನೇ ನಂಬಬೇಡ್ರಿ. 202 ಅನ್ನುವ ದರ್ಜೆಯ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ. ಅದರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ತುಕ್ಕು ಬೇಗ ಹಿಡಿಯುತ್ತದೆ. 304 ದರ್ಜೆ ಅಂದರೆ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್, ಅದಕ್ಕೇ ಅದನ್ನು 18/8 ಅಂತಲೂ ಬರೆದಿರುತ್ತಾರೆ. ಆ ಅಚ್ಚು ನೋಡಿ, ಜೊತೆಗೆ ಬೆಸುಗೆ ಹಾಕಿದ ಜಾಗ ಬೆರಳಿನಿಂದ ಸವರಿ ನೋಡಿ. ತುಕ್ಕು ಸಾಮಾನ್ಯವಾಗಿ ಅಲ್ಲಿಂದ, ಇಲ್ಲಾ ಕೊಂಡಿಯಿಂದಲೇ ಶುರುವಾಗುತ್ತದೆ.

ವಿದ್ಯಾಗಿರಿ_ಹುಡುಗಿ: ನೈಲಾನ್ ಚೀಲದಲ್ಲಿ ಎಲೆ ತುಂಬಿ ಅದ್ದಿದರೆ ಆಗಲ್ವಾ? ತೊಳೆಯುವ ಕೆಲಸಾನೂ ಇಲ್ಲ.

ನವನಗರ_ಅಕ್ಕ: ಬೇಡಮ್ಮಾ. 2019ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಚಹಾ ಚೀಲವನ್ನು 95 ಡಿಗ್ರಿ ನೀರಿನಲ್ಲಿ ಅದ್ದಿ ನೋಡಿದರು. ಒಂದೇ ಚೀಲದಿಂದ ಸಾವಿರ ಕೋಟಿಗೂ ಹೆಚ್ಚು ಸೂಕ್ಷ್ಮ ಪ್ಲಾಸ್ಟಿಕ್ ಕಣ ಬಂದವು ಅಂತ ಬರೆದರು. ಆ ಲೆಕ್ಕ ಜಾಸ್ತಿ ಆಯ್ತು ಅನ್ನುವ ವಿಜ್ಞಾನಿಗಳೂ ಇದ್ದಾರೆ. ಇರಲಿ, ಸ್ಟೀಲ್ ಸಿಗುವಾಗ ಕುದಿ ನೀರಿಗೆ ಪ್ಲಾಸ್ಟಿಕ್ ಯಾಕೆ ಹಾಕಬೇಕು?

ಶಹಾಪುರ_ಕಾಕಾ: ಇಷ್ಟೆಲ್ಲ ಯಾಕ್ರೀ? ಪಾತ್ರೆಯಲ್ಲಿ ನೀರು ಕುದಿಸಿ ಇಳಿಸಿ, ಎಲೆ ಹಾಕಿ, ತಾಟು ಮುಚ್ಚಿ, ನಾಲ್ಕು ನಿಮಿಷ ಬಿಟ್ಟು ಸೋಸಿ. ಎಲೆಗೆ ಇಡೀ ಪಾತ್ರೆ ಸಿಗುತ್ತದೆ. ಇದಕ್ಕಿಂತ ದೊಡ್ಡ ಬುಟ್ಟಿ ಯಾರೂ ಮಾಡಿಲ್ಲ.

ತಿಲಕವಾಡಿ_ಚಹಾ: ಕಾಕಾ, ಮನೆಯಲ್ಲಿ ಸರಿ. ಆಫೀಸಿನಲ್ಲಿ ನನ್ನ ಹತ್ತಿರ ಒಂದು ಲೋಟ, ಒಂದು ಕೆಟಲ್ ಅಷ್ಟೇ.

ಶಹಾಪುರ_ಕಾಕಾ: ಹಂಗಾದರೆ ಅಕ್ಕ ಹೇಳಿದ ಬುಟ್ಟೀನೇ ತಗೊಳ್ಳಿ. ಆದರೆ ಹೊತ್ತಿಗೆ ಸರಿಯಾಗಿ ಎತ್ತಿಬಿಡಿ. ಜನ ಅದನ್ನು ಲೋಟದಲ್ಲೇ ಬಿಟ್ಟು ಕೆಲಸ ಮಾಡ್ತಾರೆ, ಆಮೇಲೆ ಒಗರು ಅಂತ ಚಹಾಕ್ಕೆ ಬೈತಾರೆ. ಗ್ರೀನ್ ಟೀ ಆದರೆ ಎರಡು ಮೂರು ನಿಮಿಷ ಸಾಕು, ನೀರೂ ಕುದಿಯುತ್ತಿರಬಾರದು, 80 ಡಿಗ್ರಿ ಒಳಗೇ ಇರಲಿ.

ಗುಮ್ಮಟದೂರು: ಆಯಸ್ಕಾಂತದ ಮಾತು ವಾಪಸ್ ತಗೊಂಡೆ. ಆದರೆ ಇದು ನಾನೇ ಅನುಭವಿಸಿದ್ದು. ನಮ್ಮ ವಿಜಯಪುರದ ಮನೆಯ ಬೋರ್ ನೀರು ಗಡಸು. ಚಹಾದ ಮೇಲೆ ತೆಳುವಾಗಿ ಕಂದು ಪೊರೆ ಕಟ್ಟುತ್ತದೆ, ಜಾಲರಿಯ ಕಣ್ಣಲ್ಲಿ ಬಿಳಿ ಸುಣ್ಣ ಕೂಡುತ್ತದೆ. ಮೊನ್ನೆ ಬೆಳಕಿಗೆ ಹಿಡಿದು ನೋಡಿದರೆ ನಮ್ಮ ಬುಟ್ಟಿಯ ಅರ್ಧ ತೂತು ಮುಚ್ಚಿದ್ದವು! ಬಿಸಿ ನೀರಿಗೆ ನಿಂಬೆ ರಸ ಹಿಂಡಿ ಅರ್ಧ ಗಂಟೆ ನೆನೆ ಹಾಕಿದೆ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ, ಬಿಟ್ಟುಕೊಂಡಿತು.

ಪಾತ್ರೆ_ಅಂಗಡಿ: ಅದಕ್ಕೇ ನಾನು ತೀರಾ ಸಣ್ಣ ಕಣ್ಣಿನ ಜಾಲರಿ ಕೊಡುವುದಿಲ್ಲ. ಉದ್ದ ಎಲೆಗೆ ನಡುಮಟ್ಟದ ಕಣ್ಣು ಸಾಕು. ಸಿಟಿಸಿ, ಅಂದರೆ ಸಣ್ಣ ಕಾಳಿನಂಥ ಚಹಾ ಪುಡಿಗೆ ಮಾತ್ರ ಸಣ್ಣದು ಬೇಕು, ಇಲ್ಲದಿದ್ದರೆ ಗಷ್ಟು ಲೋಟಕ್ಕೆ ಇಳಿಯುತ್ತದೆ.

ತಿಲಕವಾಡಿ_ಚಹಾ: ಅಕ್ಕಾ, ಈಗಷ್ಟೇ ಉಂಡೆ ಬಿಚ್ಚಿ ನೋಡಿದೆ. ನಡುವೆ ಗಟ್ಟಿ ಮುದ್ದೆ, ಒಳಗಿನ ಎಲೆ ಇನ್ನೂ ಕರ್ರಗೆ ಸುರುಳಿ. ಅದೇ ಎಲೆಯನ್ನು ಬಟ್ಟಲಿಗೆ ಸುರಿದು ಬಿಸಿ ನೀರು ಹಾಕಿದೆ, ಮೂರು ನಿಮಿಷಕ್ಕೆ ಬಂಗಾರದ ಬಣ್ಣ ಬಂತು. ಶನಿವಾರ 304 ಬುಟ್ಟಿ ತರುತ್ತೇನೆ.