ಹಳೆಯ ಎಸ್‌ಎಸ್‌ಡಿಯನ್ನು ಹೊಸ ಕಂಪ್ಯೂಟರಿನಲ್ಲಿ ಕೂರಿಸಿದರೆ ಓಡುತ್ತದೆಯೇ?

ಪ್ರಶ್ನೆ: ಡಿಟಿಪಿ ಅಂಗಡಿ, ದಾವಣಗೆರೆ

ಲಗ್ನಪತ್ರಿಕೆ, ಕರಪತ್ರ, ಬಿಲ್ ಪುಸ್ತಕದ ಕೆಲಸ ನಮ್ಮದು. ಈಗಿರುವುದು ಇಂಟೆಲ್ 4ನೇ ತಲೆಮಾರಿನ ಯಂತ್ರ. ಅದಕ್ಕೆ ವಿಂಡೋಸ್ 7 ಹಾಕಿಸಿದ್ದೆವು, 2016ರಲ್ಲಿ ಉಚಿತವಾಗಿ 10ಕ್ಕೆ ಏರಿಸಿಕೊಂಡೆವು. ಆಮೇಲೆ ಹಾರ್ಡ್ ಡಿಸ್ಕಿನ ನಕಲನ್ನೇ 240 ಜಿಬಿ ಎಸ್‌ಎಸ್‌ಡಿಗೆ ಇಳಿಸಿದ್ದಾಯಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ಈ ಯಂತ್ರ 11ಕ್ಕೆ ಅರ್ಹವಲ್ಲದ ಕಾರಣ 12ನೇ ತಲೆಮಾರಿನ ಐ5, ಬಿ660 ಮದರ್‌ಬೋರ್ಡ್, ಹೊಸ ಎನ್‌ವಿಎಂಇ ಡ್ರೈವ್ (ಬೋರ್ಡಿಗೇ ಸೇರಿಸುವ ವೇಗದ ಎಸ್‌ಎಸ್‌ಡಿ) ಹಾಕಿ ಬೇರೊಂದನ್ನು ಜೋಡಿಸಿದ್ದೇವೆ. ಗ್ರಾಫಿಕ್ಸ್ ಕಾರ್ಡ್ ಹಾಕಿಲ್ಲ. ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ನ ನುಡಿ, ವರ್ಷಗಳಿಂದ ಕೂಡಿಟ್ಟ ಫಾಂಟ್‌ಗಳು, ಲೆಕ್ಕಪತ್ರದ ಟ್ಯಾಲಿ ಎಲ್ಲವೂ ಹಳೆಯದರಲ್ಲಿವೆ. ಪೇಜ್‌ಮೇಕರ್‌ನ ಸಿಡಿ ಎಲ್ಲಿದೆಯೋ ದೇವರಿಗೇ ಗೊತ್ತು. ಹಳೆಯ ಎಸ್‌ಎಸ್‌ಡಿಯನ್ನು ಹಾಗೆಯೇ ತೆಗೆದು ಹೊಸದಕ್ಕೆ ಹಾಕಿದರೆ ನಡೆಯುತ್ತದೆಯೇ? ಮದುವೆಯ ಹಂಗಾಮು ಹತ್ತಿರ ಬಂದಿದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ

ಎನ್‌ವಿಎಂಇಗೆ ವಿಂಡೋಸ್ 11 ಹೊಸದಾಗಿ ಹಾಕಿ, ಹಳೆಯ ಯಂತ್ರವನ್ನು ಪಕ್ಕದಲ್ಲಿ ಇರುವಂತೆಯೇ ಬಿಡಿ. ಹತ್ತು ವರ್ಷದ ಕಸವನ್ನು ಹೊಸ ಮನೆಗೆ ಏಕೆ ಹೊತ್ತೊಯ್ಯಬೇಕು? ಬೇಕಾದ ಫೈಲುಗಳನ್ನು ನಿಧಾನವಾಗಿ ತಂದುಕೊಳ್ಳಬಹುದು.

ಬೆಂಗಳೂರಿನಿಂದ, ಕಂಪ್ಯೂಟರ್ ಜೋಡಿಸಿಕೊಡುವವನು

ಮೇಲಿನವರ ಮಾತು ಮನೆಬಳಕೆಯ ಯಂತ್ರಕ್ಕೆ ಸರಿ. ಡಿಟಿಪಿ ಅಂಗಡಿಗೆ ನಾನು ಒಪ್ಪುವುದಿಲ್ಲ. ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿಕೊಡುವುದು ನನ್ನ ಕೆಲಸ, ಮುದ್ರಣಾಲಯದ ಗಿರಾಕಿಗಳೂ ಇದ್ದಾರೆ. ಅವರ ಪಾಲಿಗೆ ಆ ಕಸವೇ ಬಂಡವಾಳ. ಯಾವ ಫಾಂಟ್ ಎಲ್ಲಿಂದ ಬಂತೆಂಬುದು ಯಾರಿಗೂ ನೆನಪಿರುವುದಿಲ್ಲ. ಒಂದು ಫಾಂಟ್ ತಪ್ಪಿದರೂ ಹಳೆಯ ನುಡಿ ಅಕ್ಷರಗಳು ರೋಮನ್ ಗೋಜಲಾಗಿ ಕಾಣುತ್ತವೆ.

ನೇರ ಉತ್ತರ ಹೇಳುತ್ತೇನೆ. ವಿಂಡೋಸ್ 10 ಓಡುತ್ತದೆ, ಆದರೆ ನಿಮ್ಮ ಡ್ರೈವ್ ಈಗಿರುವ ರೂಪದಲ್ಲಿ ಓಡುವುದು ಅನುಮಾನ.

ಎಕ್ಸ್‌ಪಿ ಕಾಲದಲ್ಲಿ ಡ್ರೈವ್ ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ 7ಬಿ ಎಂಬ ಸಂಖ್ಯೆಯ ನೀಲಿ ಪರದೆ ಬಂದು ನಿಲ್ಲುತ್ತಿತ್ತು. ಡಿಸ್ಕನ್ನು ಓದಲು ಬೇಕಾದ ಕಂಟ್ರೋಲರ್ ಡ್ರೈವರ್ ವಿಂಡೋಸ್‌ಗೆ ಸಿಗದಿರುವುದೇ ಅದಕ್ಕೆ ಕಾರಣ. ವಿಂಡೋಸ್ 10ರಲ್ಲಿ ಡಿಸ್ಕ್ ಓದುವ ಎಎಚ್‌ಸಿಐ ಎಂಬ ಸಾಮಾನ್ಯ ಡ್ರೈವರ್ ಮೊದಲೇ ಇರುತ್ತದೆ. ಹೊಸ ಬೋರ್ಡ್ ಕಂಡೊಡನೆ ಅದು ಸಾಧನಗಳನ್ನು ಸಿದ್ಧಪಡಿಸಿಕೊಂಡು, ತಾನಾಗಿಯೇ ರೀಸ್ಟಾರ್ಟ್ ಆಗಿ, ಡೆಸ್ಕ್‌ಟಾಪ್ ತೋರಿಸುತ್ತದೆ. ಹಳೆಯ ಬೋರ್ಡ್ ರೇಡ್ ಮೋಡ್‌ನಲ್ಲಿದ್ದು (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ವಿಧಾನ) ಹೊಸದು ಎಎಚ್‌ಸಿಐ ಆಗಿದ್ದರೆ ಈಗಲೂ ಆ ಪರದೆ ಬರಬಹುದು. ಅದಕ್ಕೂ ಮದ್ದು ಇದೆ. ಹಳೆಯದರಲ್ಲಿರುವಾಗಲೇ ಮುಂದಿನ ಬೂಟ್ ಸೇಫ್ ಮೋಡ್‌ನಲ್ಲಿ ಆಗುವಂತೆ ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸಲಕರಣೆಯಲ್ಲಿ ಗುರುತು ಹಾಕಿ, ಹೊಸದರಲ್ಲಿ ಒಮ್ಮೆ ಸೇಫ್ ಮೋಡ್‌ಗೆ ಹೋಗಿ, ಆ ಗುರುತು ತೆಗೆದರೆ ಸಾಕು.

ನಿಮ್ಮ ನಿಜವಾದ ತೊಡಕು ಬೇರೆ. ಆ ಕಾಲದಲ್ಲಿ ವಿಂಡೋಸ್ 7 ಹಾಕುವಾಗ ಡಿಸ್ಕನ್ನು ಸಾಮಾನ್ಯವಾಗಿ ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲೇ ವಿಭಾಗಿಸುತ್ತಿದ್ದರು, ಬೂಟ್ ಆಗುವುದೂ ಲೆಗಸಿ ಬಯೋಸ್ ಎಂಬ ಹಳೆಯ ವಿಧಾನದಲ್ಲಿ. ಈಗಿನ ಇಂಟೆಲ್ ಬೋರ್ಡ್‌ಗಳಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಲೆಗಸಿಗೆ ದಾರಿ ಕೊಡುವ ಸಿಎಸ್‌ಎಂ ಸಾಮಾನ್ಯವಾಗಿ ಚಾಲೂ ಆಗುವುದೇ ಇಲ್ಲ. ಆಗ ಎಸ್‌ಎಸ್‌ಡಿ ಬಯೋಸ್‌ನಲ್ಲಿ ಕಾಣಿಸುತ್ತದೆ, ಬೂಟ್ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಜನ ಕೇಬಲ್ ಬದಲಿಸುತ್ತಾರೆ, ಪೋರ್ಟ್ ಬದಲಿಸುತ್ತಾರೆ, ಅಂಗಡಿಯವನ ಜೊತೆ ಜಗಳವಾಡುತ್ತಾರೆ. ಡ್ರೈವ್ ಸರಿಯಾಗಿಯೇ ಇರುತ್ತದೆ.

ಹಾಗಾಗಿ ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಎಲ್ಲ ತಯಾರಿ ಮುಗಿಸಬೇಕು. ಸ್ಕ್ರೂಡ್ರೈವರ್ ಹಿಡಿಯುವುದು ಆಮೇಲೆ. ಮೊದಲು ವಿಂಡೋಸ್ 32 ಬಿಟ್ಟಿನದೋ 64 ಬಿಟ್ಟಿನದೋ ನೋಡಿ. 32 ಆಗಿದ್ದರೆ ಈ ದಾರಿ ಅಲ್ಲಿಗೆ ಮುಗಿಯಿತು. ಸಿಎಸ್‌ಎಂ ಇಲ್ಲದ ಹೊಸ ಬೋರ್ಡಿನಲ್ಲಿ ಅದು ಬೂಟ್ ಆಗುವುದಿಲ್ಲ, ಅದನ್ನು 64ಕ್ಕೆ ಏರಿಸಲೂ ಬರುವುದಿಲ್ಲ. 64 ಆಗಿದ್ದರೆ ಇಡೀ ಡ್ರೈವ್‌ನ ನಕಲನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದಿಡಿ. ನಾನು ಕ್ಲೋನ್‌ಜಿಲ್ಲಾ ಬಳಸುತ್ತೇನೆ. ನೋಡಲು ಒರಟು, ಆದರೆ ಉಚಿತ.

ನಂತರ ಎಂಬಿಆರ್‌ಟುಜಿಪಿಟಿ. ಎಂಬಿಆರ್ ಡಿಸ್ಕನ್ನು, ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನಕ್ಕೆ ಬೇಕಾದ ಜಿಪಿಟಿ ಪದ್ಧತಿಗೆ ಬದಲಿಸುವ ಸಲಕರಣೆ ಇದು. 2017ರ 1703 ಆವೃತ್ತಿಯಿಂದ ಇದು ವಿಂಡೋಸ್ 10ರ ಜೊತೆಗೇ ಬರುತ್ತದೆ, ಬೇರೆ ತಂತ್ರಾಂಶ ಬೇಡ. ಅದರಲ್ಲಿ ಮೊದಲು ಪರಿಶೀಲನೆ, ಆಮೇಲೆ ಪರಿವರ್ತನೆ ಎಂಬ ಎರಡು ಹಂತಗಳಿವೆ. ಪರಿಶೀಲನೆಯಲ್ಲಿ ಸೋಲುವುದಕ್ಕೆ ನಾನು ಹೆಚ್ಚಾಗಿ ಕಂಡ ಕಾರಣ ಒಂದೇ. ನಮ್ಮಲ್ಲಿ ಅಂಗಡಿಯವರು ಸಿ, ಡಿ, ಇ ಎಂದು ಡಿಸ್ಕನ್ನು ಹೋಳು ಮಾಡಿಕೊಡುವ ರೂಢಿಯಿದೆ. ಡಿ, ಇ ಎರಡೂ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಒಳಗಿನ ಲಾಜಿಕಲ್ ಭಾಗಗಳಾಗಿರುತ್ತವೆ. ಈ ಸಲಕರಣೆ ಅವನ್ನು ಒಪ್ಪುವುದಿಲ್ಲ. ಹೆಚ್ಚೆಂದರೆ ಮೂರು ಪ್ರೈಮರಿ ಭಾಗಗಳಿರಬೇಕು, ಲಾಜಿಕಲ್ ಒಂದೂ ಇರಬಾರದು. ಡಿ, ಇಗಳ ಸಾಮಾನನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ತೆರೆದು ನೋಡಿ ಖಚಿತಪಡಿಸಿಕೊಂಡು, ಆ ಭಾಗಗಳನ್ನು ಅಳಿಸಿ ಪರಿವರ್ತನೆ ಮಾಡಿ. ಮುಗಿದ ಮೇಲೆ ಅದೇ ಅಕ್ಷರ ಕೊಟ್ಟು ಡಿ ಮತ್ತೆ ರಚಿಸಿ. ಪೇಜ್‌ಮೇಕರ್ ಲಿಂಕ್ ಮಾಡಿದ ಚಿತ್ರದ ಪೂರ್ತಿ ವಿಳಾಸ ನೆನಪಿಟ್ಟುಕೊಂಡಿರುತ್ತದೆ. ಡಿ ಎಂಬುದು ಎಫ್ ಆದರೆ ಪ್ರತಿ ಪತ್ರಿಕೆಯಲ್ಲೂ ಗಣಪತಿ ಎಲ್ಲಿದ್ದಾನೆಂದು ಅದು ನಿಮ್ಮನ್ನೇ ಕೇಳುತ್ತದೆ.

ಪರಿವರ್ತನೆಯಾದ ಕೂಡಲೇ ಹಳೆಯ ಯಂತ್ರದ ಬಯೋಸ್‌ನಲ್ಲಿ ಲೆಗಸಿ ಬಿಟ್ಟು ಯುಇಎಫ್‌ಐ ಆರಿಸಿ. 4ನೇ ತಲೆಮಾರಿನ ಬೋರ್ಡ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಅಲ್ಲೇ ವಿಂಡೋಸ್ ತೆರೆದುಕೊಂಡರೆ ಅರ್ಧ ಗೆದ್ದಂತೆ. ಆಮೇಲೆ ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಹಾಗೆ ಮಾಡದಿದ್ದರೆ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ಹಳೆಯ ಯಂತ್ರದ ಸ್ಥಿತಿಯನ್ನೇ ಡಿಸ್ಕಿನಲ್ಲಿ ಬರೆದಿಟ್ಟು ಮಲಗಿರುತ್ತದೆ, ಪೂರ್ತಿ ಆರಿರುವುದಿಲ್ಲ.

ಎನ್‌ವಿಎಂಇಗೆ ನೇರವಾಗಿ ನಕಲು ಮಾಡಿ ಅದರಿಂದಲೇ ಬೂಟ್ ಮಾಡುವ ಆಸೆ ಬೇಡ. ಬೋರ್ಡ್ ಬದಲಾವಣೆ, ಡ್ರೈವ್ ಬದಲಾವಣೆ ಎರಡನ್ನೂ ಒಟ್ಟಿಗೆ ಮಾಡಿದರೆ ತೊಂದರೆ ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಮೊದಲು ಹಳೆಯ ಎಸ್‌ಎಸ್‌ಡಿಯಿಂದಲೇ ಹೊಸ ಬೋರ್ಡ್ ಏಳಲಿ. ಖಾಲಿ ಎನ್‌ವಿಎಂಇ ಪಕ್ಕದಲ್ಲಿದ್ದರೆ ಅದರ ಡ್ರೈವರನ್ನೂ ವಿಂಡೋಸ್ ಹಾಕಿಕೊಳ್ಳುತ್ತದೆ. ಆಮೇಲೆ ನಕಲು. ನಕಲಿನಿಂದ ಮೊದಲ ಬಾರಿ ಬೂಟ್ ಮಾಡುವಾಗ ಹಳೆಯ ಎಸ್‌ಎಸ್‌ಡಿಯ ಕೇಬಲ್ ಕಡ್ಡಾಯವಾಗಿ ಕಳಚಿ. ಎರಡೂ ಡಿಸ್ಕ್‌ಗಳ ಗುರುತು ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ, ಇಲ್ಲವೇ ನಿಮಗೆ ತಿಳಿಯದಂತೆ ಹಳೆಯದರಿಂದಲೇ ಏಳುತ್ತದೆ. 11ಕ್ಕೆ ಏರುವುದು ಇದೆಲ್ಲ ಮುಗಿದ ಮೇಲೆ. ಅದು ಕೇಳುವ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ನಿಮ್ಮ ಪ್ರೊಸೆಸರಿನಲ್ಲೇ ಇದೆ, ಬಯೋಸ್‌ನಲ್ಲಿ ಪಿಟಿಟಿ ಎಂಬ ಹೆಸರಿನಲ್ಲಿ ಸಿಗುತ್ತದೆ.

ಹುಬ್ಬಳ್ಳಿಯಿಂದ, ಲೆಕ್ಕಪತ್ರದ ಕೆಲಸ

ಟ್ಯಾಲಿಯ ಬಗ್ಗೆ ಯಾರೂ ಹೇಳಲಿಲ್ಲ. ಅದರ ಲೈಸೆನ್ಸ್ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಡ್ರೈವ್ ತೆಗೆಯುವ ಮೊದಲು ಹಳೆಯ ಯಂತ್ರದಲ್ಲಿಯೇ ಲೈಸೆನ್ಸ್ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಆ್ಯಕ್ಟಿವೇಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ಎಜುಕೇಶನಲ್ ಮೋಡ್‌ಗೆ ಇಳಿಯುತ್ತದೆ, ಆಗ 1, 2 ಮತ್ತು 31ನೇ ತಾರೀಖು ಬಿಟ್ಟರೆ ಬೇರೆ ದಿನದ ವೋಚರ್ ಬರೆಯಲಾಗದು. ಜಿಎಸ್‌ಟಿ ರಿಟರ್ನ್ ಕೊನೆಯ ದಿನ ಇದು ಗೊತ್ತಾದರೆ ಹೇಗಿರುತ್ತದೆ ಊಹಿಸಿ.

ಇನ್ನೊಂದು ಮಾತು. ಬಿಲ್‌ಗೆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದು ಅದಕ್ಕೆ ಪ್ಯಾರಲಲ್ ಕೇಬಲ್ ಇದ್ದರೆ, ಹೊಸ ಬೋರ್ಡಿನಲ್ಲಿ ಆ ಪೋರ್ಟ್ ಇದೆಯೇ ಎಂದು ಮೊದಲೇ ತಿರುಗಿಸಿ ನೋಡಿ. ಇಲ್ಲದಿದ್ದರೆ ಪಿಸಿಐಇ ಕಾರ್ಡ್ ಹಾಕಿಸಬೇಕಾಗುತ್ತದೆ.

ಮೈಸೂರಿನಿಂದ, ಕಚೇರಿಯೊಂದರ ಕಂಪ್ಯೂಟರ್ ನಿರ್ವಹಣೆ

ನಿಮ್ಮ ಹಳೆಯ ಯಂತ್ರದಲ್ಲಿ ಬಿಟ್‌ಲಾಕರ್ (ಡ್ರೈವನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇರಲಾರದು. ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ, ಈ ಕೆಲಸದಲ್ಲಿ ದತ್ತಾಂಶ ಕಳೆದುಕೊಳ್ಳುವ ಅಪಾಯ ಹೆಚ್ಚಿರುವುದು ಅಲ್ಲೇ. ಬಿಟ್‌ಲಾಕರ್‌ನ ಕೀಲಿ ಹಳೆಯ ಬೋರ್ಡಿನ ಟಿಪಿಎಂನಲ್ಲಿರುತ್ತದೆ. ಹೊಸ ಬೋರ್ಡ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಒಳಗೆ ಹೋಗಲು ಹಿಂಬಾಗಿಲಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದ ಎಷ್ಟೋ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ ತಾನಾಗಿಯೇ ಚಾಲೂ ಆಗಿರುತ್ತದೆ, ಮಾಲೀಕರಿಗೆ ಸುಳಿವೂ ಇರುವುದಿಲ್ಲ. ತಾತ್ಕಾಲಿಕ ತಡೆ ಹಾಕುವುದಕ್ಕಿಂತ ಪೂರ್ತಿ ಡೀಕ್ರಿಪ್ಟ್ ಮಾಡಿ ಸಾಗಿಸುವುದನ್ನೇ ನಾನು ಹೇಳುತ್ತೇನೆ.

ಪಿನ್ ಕೂಡ ಅದೇ ಟಿಪಿಎಂಗೆ ಬಿಗಿದುಕೊಂಡಿರಬಹುದು. ಹೊಸದರಲ್ಲಿ ಅದು ನಡೆಯದಿದ್ದರೆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಪಿನ್ ಒತ್ತಿಯೇ ಅಭ್ಯಾಸವಾದವರಿಗೆ ಅದು ಮರೆತಿರುತ್ತದೆ, ಹಳೆಯ ಯಂತ್ರದಲ್ಲೇ ಒಮ್ಮೆ ಪಾಸ್‌ವರ್ಡ್‌ನಿಂದ ಒಳಹೋಗಿ ನೋಡಿ. ಹೊಸ ಬೋರ್ಡಿನ ಲ್ಯಾನ್, ವೈ-ಫೈ ಎರಡಕ್ಕೂ ವಿಂಡೋಸ್ 10ರಲ್ಲಿ ಡ್ರೈವರ್ ಇಲ್ಲದಿರುವುದೂ ಉಂಟು. ಡ್ರೈವರ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಅದೂ ಇಲ್ಲವಾದರೆ ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಚಾಲೂ ಮಾಡಿ, ಇಂಟರ್‌ನೆಟ್ ಬರುತ್ತದೆ.

ಧಾರವಾಡದಿಂದ, ಕಾಲೇಜಿನ ಪ್ರಯೋಗಾಲಯ

ಲಿನಕ್ಸ್‌ನವರಿಗೆ ನಾಲ್ಕು ಮಾತು. ಉಬುಂಟು ಇರುವ ಡ್ರೈವನ್ನು ನಾವು ಯಂತ್ರದಿಂದ ಯಂತ್ರಕ್ಕೆ ಹಾಕುತ್ತಲೇ ಇರುತ್ತೇವೆ, ಹೆಚ್ಚಾಗಿ ಸುಮ್ಮನೆ ಏಳುತ್ತದೆ. ಫೆಡೋರಾ ಮಾತ್ರ ಆಯಾ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಆರಂಭಿಕ ಕಡತದಲ್ಲಿ ಸೇರಿಸಿರುತ್ತದೆ, ಅದು ಏಳದಿದ್ದರೆ ಪಟ್ಟಿಯಲ್ಲಿರುವ ರೆಸ್ಕ್ಯೂ ಕರ್ನಲ್ ಆರಿಸಿ. ಯುಇಎಫ್‌ಐ ಬೂಟ್ ನಮೂದು ಹಳೆಯ ಬೋರ್ಡಿನ ನೆನಪಿನಲ್ಲೇ ಉಳಿದಿರುತ್ತದೆ, ಹೊಸದರಲ್ಲಿ ಅದನ್ನು ಕೈಯಾರೆ ಸೇರಿಸಬೇಕಾಗಬಹುದು. ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗುವುದರಿಂದ ಸ್ಥಿರ ಐಪಿ ಕೊಟ್ಟಿದ್ದರೆ ಅದು ಹಾರಿಹೋಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನೋಡಿದೆ. 64 ಬಿಟ್, ಎಂಬಿಆರ್, ಡಿ ಲಾಜಿಕಲ್. ಬೆಂಗಳೂರಿನವರು ಹೇಳಿದ್ದು ಒಂದೂ ತಪ್ಪಲಿಲ್ಲ. ಇಂದು ಅಂಗಡಿ ಮುಚ್ಚಿದ ಮೇಲೆ ಡಿ ಖಾಲಿ ಮಾಡುತ್ತೇನೆ. ಲೈಸೆನ್ಸ್ ಬಗ್ಗೆ ನೋಡಿದರೆ ಒಇಎಂ ಎಂದು ತೋರಿಸುತ್ತಿದೆ. ಹಳೆಯ ವಿಂಡೋಸ್ 7ರ ಕೀಲಿ ಚೀಟಿ ಕ್ಯಾಬಿನೆಟ್ ಮೇಲೆ ಇನ್ನೂ ಇದೆ. ಅದು ಹೊಸದಕ್ಕೆ ನಡೆಯುತ್ತದೆಯೇ?

ಬೆಂಗಳೂರಿನಿಂದ, ಕಂಪ್ಯೂಟರ್ ಜೋಡಿಸಿಕೊಡುವವನು

ನಡೆಯುವುದಿಲ್ಲ. ಒಇಎಂ ಲೈಸೆನ್ಸ್ ಆ ಮದರ್‌ಬೋರ್ಡಿನ ಜೊತೆಗೇ ಹೋಗುತ್ತದೆ, 2016ರ ಉಚಿತ ಏರಿಕೆಯೂ ಅದಕ್ಕೇ ಸೇರಿದ್ದು. ವಿಂಡೋಸ್ 7ರ ಕೀಲಿಯಿಂದ ಹೊಸ ವಿಂಡೋಸ್ ಆ್ಯಕ್ಟಿವೇಟ್ ಮಾಡುವ ದಾರಿಯನ್ನೂ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಯಂತ್ರದಿಂದ ಬೇರೆಯಾಗಿ ಕೊಂಡ ರೀಟೇಲ್ ವಿಂಡೋಸ್ 10 ಲೈಸೆನ್ಸ್ ಆಗಿದ್ದರೆ ಹೊಸ ಯಂತ್ರಕ್ಕೆ ವರ್ಗಾಯಿಸಬಹುದಿತ್ತು. ಈಗ ಹೊಸ ಲೈಸೆನ್ಸ್ ಕೊಳ್ಳಲೇಬೇಕು. ಆ ಕೀಲಿಯನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೆ ಸಾಕು, ಮತ್ತೆ ವಿಂಡೋಸ್ ಹಾಕಬೇಕಿಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಕೀಲಿಗಳನ್ನು ಅಂಗಡಿಯ ಯಂತ್ರಕ್ಕೆ ನಾನು ಹಾಕುವುದಿಲ್ಲ, ಇವತ್ತು ನಡೆದದ್ದು ನಾಳೆ ನಿಂತುಹೋಗುತ್ತದೆ.

ಇನ್ನು ಪ್ರಿಂಟರ್. ಹೊಸ ಯಂತ್ರದ ಯುಎಸ್‌ಬಿಗೆ ಚುಚ್ಚಿದಾಗ ಅದೇ ಪ್ರಿಂಟರ್ 'ಕಾಪಿ 1' ಎಂಬ ಹೆಸರಿನಲ್ಲಿ ಎರಡನೆಯದಾಗಿ ಕಾಣಿಸಿಕೊಂಡು, ಹಳೆಯ ಹೆಸರಿನದು ಆಫ್‌ಲೈನ್ ಆಗಿರಬಹುದು. ಹಳೆಯದನ್ನು ಅಳಿಸಿ, ಹೊಸದಕ್ಕೆ ಅದೇ ಹಳೆಯ ಹೆಸರನ್ನು ಕೊಟ್ಟು, ಆಮೇಲೆ ಪೇಜ್‌ಮೇಕರ್ ತೆರೆಯಿರಿ. ಪ್ರಿಂಟರ್ ಬದಲಾಯಿತೆಂದು ಅದಕ್ಕೆ ಅನಿಸಿದರೆ ಪುಟವನ್ನು ಮತ್ತೆ ಜೋಡಿಸಲು ಹೊರಡುತ್ತದೆ, ಸಾಲುಗಳು ಮುರಿಯುವ ಜಾಗವೇ ಬದಲಾಗುತ್ತದೆ.